ಹಳೇ ಕ್ಯಾರವಾನ್ ತಗೊಳ್ಳಲಾ, ಬೇಡವಾ?

ಪ್ರಶ್ನೆ: ನಾನು ಬೀದರ್‌ನವಳು, ನಿವೃತ್ತ ಶಿಕ್ಷಕಿ. ನಮ್ಮ ಯಜಮಾನರಿಗೆ 64 ವರ್ಷ, ಮೊಣಕಾಲು ನೋವು. ಬಸ್ಸಿನಲ್ಲಿ ದೂರ ಹೋಗಲು ಆಗುವುದಿಲ್ಲ. ಹೈದರಾಬಾದ್‌ನಲ್ಲಿ ಒಬ್ಬರು 2016ರ ಟೆಂಪೋ ಟ್ರಾವೆಲರ್ ಮಾರುತ್ತಿದ್ದಾರೆ. ಒಳಗೆ ಎರಡು ಹಾಸಿಗೆ, ಗ್ಯಾಸ್ ಒಲೆ, ಸಣ್ಣ ಟಾಯ್ಲೆಟ್, ಒಂದು ಟನ್ ಎಸಿ ಇದೆ. 11 ಲಕ್ಷ ಕೇಳುತ್ತಾರೆ. ಆರ್‌ಸಿಯಲ್ಲಿ ಮಾತ್ರ ಇನ್ನೂ 12 ಸೀಟಿನ ಟೂರಿಸ್ಟ್ ಗಾಡಿ ಅಂತಲೇ ಇದೆ. “ಆಮೇಲೆ ಮಾಡಿಸಿಕೊಳ್ಳಬಹುದು” ಅನ್ನುತ್ತಾರೆ. ವರ್ಷಕ್ಕೆ ಮೂರು ಸಲ, ಹತ್ತತ್ತು ದಿನ ತಿರುಗುವ ಆಸೆ ನಮಗೆ. ಮಗ “ಲಾಡ್ಜ್‌ನಲ್ಲಿ ಇರಿ, ಸುಮ್ನೆ ದುಡ್ಡು ಹಾಳು” ಅಂತಾನೆ. ಏನು ಮಾಡಲಿ?

ಉತ್ತರ: ಅಕ್ಕೋರೇ, ಈ ಗಾಡಿ ಬೇಡ. ಆಸೆ ಮಾತ್ರ ಬಿಡಬೇಡಿ.

ಮಗ ಹೇಳಿದ ಲೆಕ್ಕ ಸರಿಯೇ. ವರ್ಷಕ್ಕೆ 30 ರಾತ್ರಿ, ದಿನಕ್ಕೆ 1,500 ರೂಪಾಯಿ ರೂಮ್ ಅಂದರೂ 45,000 ಆಯಿತು. 11 ಲಕ್ಷಕ್ಕೆ 24 ವರ್ಷ ಲಾಡ್ಜ್‌ನಲ್ಲಿ ಇರಬಹುದು. ಹಾಗಾಗಿ ದುಡ್ಡು ಉಳಿಯುತ್ತದೆ ಅಂತ ಕ್ಯಾರವಾನ್ ತಗೊಳ್ಳಬೇಡಿ. ಆದರೆ ಕಾಲು ನೋವಿರುವವರಿಗೆ ಬೇಕಾದಾಗ ಮಲಗಲು ಜಾಗ, ಕೈಗೆಟುಕುವಷ್ಟು ಹತ್ತಿರ ಟಾಯ್ಲೆಟ್ ಸಿಗುವುದು ಆ ಲೆಕ್ಕದಲ್ಲಿ ಬರುವುದಿಲ್ಲ, ಅಲ್ವಾ?

ಬೇಡ ಅಂದದ್ದು ಆ “ಆಮೇಲೆ” ಅನ್ನುವ ಮಾತಿಗೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಇದಕ್ಕೇ ಇದೆ. ಗಾಡಿಯಲ್ಲಿ ಇಂಥ ದೊಡ್ಡ ಬದಲಾವಣೆ ಮಾಡಿದರೆ ಒಪ್ಪಿಗೆ ಬೇಕು, ಅದು ಆರ್‌ಸಿಯಲ್ಲಿ ಏರಬೇಕು. ಸೀಟು ಕಿತ್ತು ಹಾಸಿಗೆ ಹಾಕಿದ್ದಾರೆ, ಕಾಗದದಲ್ಲಿ ಇನ್ನೂ 12 ಜನ ಕೂತಿದ್ದಾರೆ. ನಾಳೆ ಏನಾದರೂ ಅಪಘಾತವಾದರೆ ಇನ್ಶೂರೆನ್ಸ್‌ನವರು ಹಿಡಿಯುವುದು ಇದನ್ನೇ. ಮೇಲಾಗಿ ಅದು ಹಳದಿ ಬೋರ್ಡಿನ ಗಾಡಿ, ತೆಲಂಗಾಣದ್ದು. ಅಲ್ಲಿನ ಆರ್‌ಟಿಒದಿಂದ ಎನ್‌ಒಸಿ, ಅಂದರೆ ತಕರಾರಿಲ್ಲ ಅನ್ನುವ ಪತ್ರ ತರಬೇಕು, ಇಲ್ಲಿ ತೆರಿಗೆ ಕಟ್ಟಬೇಕು, ಬೀದರ್‌ನಲ್ಲಿ ಕೆಎ-38 ನಂಬರ್ ಮಾಡಿಸಬೇಕು. ಬೇರೆ ರಾಜ್ಯದ ಗಾಡಿಯನ್ನು 12 ತಿಂಗಳಿಗಿಂತ ಜಾಸ್ತಿ ಹಾಗೇ ಇಟ್ಟುಕೊಳ್ಳುವಂತಿಲ್ಲ. ಅಷ್ಟು ಸುಲಭದ ಕೆಲಸವಾಗಿದ್ದರೆ ಮಾರುವವರೇ ಮಾಡಿಸಿ, ಇನ್ನೂ ಒಂದು ಲಕ್ಷ ಜಾಸ್ತಿ ಕೇಳುತ್ತಿದ್ದರು. ಕ್ಯಾರವಾನ್‌ಗೆ ಕಾಗದದಲ್ಲಿರುವ ಹೆಸರು ಕ್ಯಾಂಪರ್ ವ್ಯಾನ್; ಆರ್‌ಸಿಯಲ್ಲಿ ಹಾಗೆ ಇರುವ ಗಾಡಿಯನ್ನೇ ಹುಡುಕಿ. ಸರ್ಕಾರದ ಎಂಪರಿವಾಹನ್ ಆ್ಯಪ್‌ನಲ್ಲಿ ನಂಬರ್ ಹಾಕಿ ಇನ್ಶೂರೆನ್ಸ್, ಫಿಟ್‌ನೆಸ್, ಸಾಲ ಎಲ್ಲ ನೋಡಿಕೊಳ್ಳಿ.

ಆಮೇಲೆ ಎಸಿ. ನಮ್ಮ ಕಡೆಯ ಮೇ ತಿಂಗಳು ನಿಮಗೆ ಹೇಳಬೇಕಾಗಿಲ್ಲ. ಹಗಲೆಲ್ಲ ಕಾದ ತಗಡಿನ ಡಬ್ಬಿ ರಾತ್ರಿ ಹನ್ನೊಂದಾದರೂ ಆರುವುದಿಲ್ಲ. ಒಂದು ಟನ್ ಎಸಿಗೆ ಹೆಚ್ಚು ಕಡಿಮೆ 1,200 ವ್ಯಾಟ್ ಬೇಕು. ಮನೆಯ ಇನ್ವರ್ಟರ್‌ಗೆ ಇಡುವಂಥ 150 ಎಎಚ್ ಬ್ಯಾಟರಿ ಒಂದೇ ಇದ್ದರೆ, ಅದು ಕೆಡದಂತೆ ಅರ್ಧದಷ್ಟೇ ಬಳಸಬೇಕು. ಮುಕ್ಕಾಲು ಗಂಟೆಗೆ ಮುಗಿಯಿತು. “ರಾತ್ರಿಯಿಡೀ ಓಡುತ್ತೆ” ಅಂದರೆ ಯಾವ ಬ್ಯಾಟರಿ, ಎಷ್ಟು, ಕೇಳಿ. ಕರೆಂಟ್ ಹೊರಗಿನಿಂದ ಎಳೆದುಕೊಳ್ಳುವ ವ್ಯವಸ್ಥೆ ಇದೆಯಾ ನೋಡಿ.

ನಾನು ಸ್ವತಃ ಪೆಟ್ಟು ತಿಂದದ್ದು ಚಾವಣಿಯಲ್ಲಿ. ಕಲಬುರಗಿಯಲ್ಲಿ ಇಷ್ಟು ವರ್ಷ ಗ್ಯಾರೇಜ್ ನಡೆಸಿದವನು, ಎಂಜಿನ್ ಶಬ್ದ ಕೇಳಿಯೇ ರೋಗ ಹೇಳುತ್ತಿದ್ದೆ. ಆ ಧೈರ್ಯದಲ್ಲಿ ಒಂದು ಏಪ್ರಿಲ್‌ನಲ್ಲಿ ಹಳೇ ಕ್ಯಾಂಪರ್ ತಂದೆ. ಎಂಜಿನ್ ಗಟ್ಟಿಯಿತ್ತು. ಜುಲೈಯಲ್ಲಿ ಮನೆಯವರನ್ನು ಕರೆದುಕೊಂಡು ಆಗುಂಬೆಗೆ ಹೋದೆ. ಎರಡನೇ ರಾತ್ರಿ ಎಸಿ ಕೂರಿಸಿದ್ದ ಕಡೆಯಿಂದ ನೀರು ಸೋರಿ ಹಾಸಿಗೆ ನೆನೆಯಿತು. ಬಿಚ್ಚಿ ನೋಡಿದರೆ ಒಳಗಿನ ಪ್ಲೈವುಡ್ ನೆನೆಸಿದ ಬಿಸ್ಕತ್ತಿನ ಹಾಗೆ ಉದುರುತ್ತಿತ್ತು. ಅದು ಆ ವರ್ಷದ ನೀರಲ್ಲ, ಎಷ್ಟೋ ಮಳೆಗಾಲದ್ದು. ಮಾರಿದವರು ಮೇಲೆ ಹೊಸ ಹಾಳೆ ಅಂಟಿಸಿ ಮುಚ್ಚಿದ್ದರು. ನಮ್ಮ ಒಣ ನೆಲದಲ್ಲಿ ಇದು ಕಾಣುವುದೇ ಇಲ್ಲ. ಆದ್ದರಿಂದ ಗಾಡಿ ನೋಡುವಾಗ ಪೈಪ್ ಹಿಡಿದು ಅರ್ಧ ಗಂಟೆ ಚಾವಣಿಗೆ ನೀರು ಬಿಡಿಸಿ. ಒಳಗೆ ಮೂಲೆಗಳನ್ನು ಹೆಬ್ಬೆರಳಿನಿಂದ ಒತ್ತಿ. ಮೆತ್ತಗಾದರೆ ವಾಪಸ್ ಬನ್ನಿ. ಬೀರು, ಬಟ್ಟೆ ಇಡುವ ಜಾಗದಲ್ಲಿ ಮುಗ್ಗಲು ವಾಸನೆ ಬಂದರೂ ಅಷ್ಟೇ.

ಟೈರ್ ಹಲ್ಲು ಚೆನ್ನಾಗಿದೆ ಅಂತ ನಂಬಬೇಡಿ. ಇಂಥ ಗಾಡಿ ನಿಂತೇ ಹಳೆಯದಾಗುತ್ತದೆ. ಟೈರ್ ಪಕ್ಕದ ನಾಲ್ಕು ಅಂಕಿ ಓದಿ. 2317 ಅಂದರೆ 2017ರ 23ನೇ ವಾರದ್ದು. ಗ್ಯಾಸ್ ಪೈಪಿಗೆ ಸೋಪಿನ ನೀರು ಹಚ್ಚಿ ಗುಳ್ಳೆ ಬರುತ್ತದಾ ನೋಡಿ, ಇದನ್ನು ಮರೆಯಲೇಬೇಡಿ.

ಇನ್ನೊಂದು ಮಾತು. ಊರ ಹೊರಗೆ ಹೊಲದ ಪಕ್ಕ ನಿಲ್ಲಿಸಿ ಜೋಳದ ರೊಟ್ಟಿ ಮಾಡುವ ಚಿತ್ರ ನಿಮ್ಮ ಮನಸ್ಸಿನಲ್ಲೂ ಇರಬಹುದು. ಕಲಬುರಗಿ, ಯಾದಗಿರಿ ಕಡೆ ಕಪ್ಪು ಮಣ್ಣಿಗೆ ಒಂದು ಮಳೆ ಬಿದ್ದರೆ ಮೂರು ಟನ್ ಗಾಡಿ ಅಲ್ಲೇ ಕೂತುಬಿಡುತ್ತದೆ. ಟ್ರ್ಯಾಕ್ಟರ್ ಬೇಕಾಗುತ್ತದೆ. ಗಟ್ಟಿ ನೆಲ ಬಿಟ್ಟು ಇಳಿಯಬೇಡಿ.

ಈಗ ಮಾಡಬೇಕಾದದ್ದು: ಒಂದು ಕ್ಯಾರವಾನ್ ನಾಲ್ಕು ದಿನ ಬಾಡಿಗೆಗೆ ಪಡೆಯಿರಿ. ಬೇಕೆಂದೇ ಬೇಸಿಗೆಯಲ್ಲಿ. ಬಸವಕಲ್ಯಾಣ, ಗಾಣಗಾಪುರ, ಶಹಾಪುರ ಸಾಕು. ಟಾಯ್ಲೆಟ್ ಡಬ್ಬಿ ಖಾಲಿ ಮಾಡುವ ಕೆಲಸ ಯಾರು ಮಾಡುತ್ತಾರೆ ಅನ್ನುವುದೂ ಅಲ್ಲೇ ತೀರ್ಮಾನವಾಗುತ್ತದೆ. ಮೆಟ್ಟಿಲು ಎಷ್ಟು ಎತ್ತರ, ಹಾಸಿಗೆಯಿಂದ ಏಳಲು ಹಿಡಿಕೆ ಇದೆಯಾ, ಅದನ್ನು ನೀವು ನೋಡಿ ಹೇಳುವುದಲ್ಲ. ಯಜಮಾನರೇ ದಿನಕ್ಕೆ ಹತ್ತು ಸಲ ಹತ್ತಿ ಇಳಿದು, ನಾಲ್ಕನೇ ದಿನ ಬೆಳಿಗ್ಗೆ ಮೊಣಕಾಲು ಹೇಗಿದೆ ಅಂತ ಹೇಳಲಿ.