ನೀವು ಕೇಳಿದ್ರಿ: ಎಕಾನಮಿ ಸೀಟು, ಸಪ್ಪೆ ಊಟ, ಬಾರದ ಬ್ಯಾಗು

ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ವಿಮಾನದ ಗೋಳೇ. ರಜೆಗೆ ಊರಿಗೆ ಬಂದೋರು, ಮಕ್ಕಳ ಮನೇಲಿ ಇದ್ದು ವಾಪಸ್ ಬಂದ ಅಪ್ಪ ಅಮ್ಮಂದಿರು, ಎಲ್ಲರೂ ಬರ್ದಿದೀರಿ. ಐದು ಆರಿಸ್ಕೊಂಡಿದೀನಿ. ಏರ್‌ಲೈನ್ ಹೆಸರು ತೆಗ್ದಿದೀನಿ, ಬೈಗುಳಾನೂ ಸ್ವಲ್ಪ ಕಮ್ಮಿ ಮಾಡಿದೀನಿ.

ಪ್ರಶ್ನೆ: ಬುಕ್ ಮಾಡುವಾಗ್ಲೇ ವೆಜ್ ಊಟ ಅಂತ ಹಾಕಿದ್ದೆ. ಮೊದಲನೇ ಫ್ಲೈಟಲ್ಲಿ ಬಂತು, ಎರಡನೇದ್ರಲ್ಲಿ ನಿಮ್ಮ ಸೀಟ್ ನಂಬರ್ ಲಿಸ್ಟಲ್ಲೇ ಇಲ್ಲ ಅಂದ್ಬಿಟ್ರು. ಬ್ರೆಡ್ಡು ಹಣ್ಣು ತಿಂದ್ಕೊಂಡು ಬಂದೆ. ಯಾರ್ದು ತಪ್ಪು?

ಉತ್ತರ: ಟ್ರೇ ಹಿಡ್ಕೊಂಡು ನಿಮ್ಮೆದುರು ನಿಂತಿದ್ದ ಹುಡುಗೀದಂತೂ ಅಲ್ಲ. ಎಕಾನಮಿ ಊಟ ಮೇಲೆ ಬೇಯಲ್ಲ, ನೆಲದ ಮೇಲಿನ ಕಿಚನ್‌ನಲ್ಲಿ ಮಾಡಿ, ತಣ್ಣಗೆ ಮಾಡಿ, ಟ್ರಾಲೀಲಿ ಹತ್ತಿಸ್ತಾರೆ, ಮೇಲೆ ಓವನ್ನಲ್ಲಿ ಬಿಸಿ ಮಾಡೋದಷ್ಟೇ. ಸ್ಪೆಷಲ್ ಊಟ ಎಷ್ಟು ಜನಕ್ಕೆ ಅಂತ ಎಣಿಸಿ ಹಾಕಿರ್ತಾರೆ, ಲಿಸ್ಟಲ್ಲಿ ಇಲ್ಲ ಅಂದ್ರೆ ವಿಮಾನದಲ್ಲೇ ಇಲ್ಲ ಅಂತ. ಎರಡು ಏರ್‌ಲೈನ್ ಸೇರಿ ಒಂದೇ ಟಿಕೆಟ್ ಇದ್ದಾಗ, ಇಲ್ಲಾ ಮಧ್ಯೆ ಅವರೇ ಫ್ಲೈಟ್ ಟೈಮ್ ಬದಲಾಯಿಸಿದಾಗ, ಊಟದ ರಿಕ್ವೆಸ್ಟ್ ಆ ಕಡೆಗೆ ದಾಟದೇ ಬಿದ್ದುಹೋಗೋದು ಮಾಮೂಲು. ಹೆಚ್ಚಿನ ಕಡೆ ಹೊರಡೋಕೆ 24 ಗಂಟೆ ಮುಂಚೆನಾದ್ರೂ ಹೇಳಿರಬೇಕು, ಕೆಲವು ಕಡೆ ಇನ್ನೂ ಮುಂಚೆ. ಹಾಗಾಗಿ ಟೈಮ್ ಬದಲಾಯ್ತು ಅಂತ ಮೇಲ್ ಬಂದ ತಕ್ಷಣ ಬುಕಿಂಗ್ ತೆಗ್ದು ಎರಡೂ ಫ್ಲೈಟಿಗೆ ಬೇರೆ ಬೇರೆಯಾಗಿ ಊಟ ಇದೆಯಾ ನೋಡಿ.

ಇನ್ನೊಂದು ವಿಷ್ಯ, ಇದರಲ್ಲಿ ತುಂಬಾ ಜನ ಏಮಾರ್ತಾರೆ. ಲಿಸ್ಟಲ್ಲಿ 'ಹಿಂದೂ ಮೀಲ್' ಅಂತ ಇರುತ್ತಲ್ಲ, ಎಚ್‌ಎನ್‌ಎಂಎಲ್ ಅನ್ನೋ ಕೋಡು, ಅದು ಸಾಮಾನ್ಯವಾಗಿ ವೆಜ್ ಅಲ್ಲ! ದನದ ಮಾಂಸ ಇರಲ್ಲ ಅಷ್ಟೇ, ಕೋಳೀನೋ ಕುರೀನೋ ಮೀನೋ ಬರುತ್ತೆ. ನಮ್ಮ ಕಡೆ ಮಸಾಲೆ ಇರೋ ವೆಜ್ ಬೇಕಂದ್ರೆ ಎವಿಎಂಎಲ್. ಬರೀ ವಿಜಿಎಂಎಲ್ ಹಾಕಿದ್ರೆ ಹಾಲು ಮೊಸರು ಏನೂ ಇಲ್ಲದ ವೀಗನ್ ಊಟ ಬರೋದೇ ಜಾಸ್ತಿ. ಜೈನ ಊಟಕ್ಕೆ ವಿಜೆಎಂಎಲ್.

ಪ್ರಶ್ನೆ: ಊಟ ಬಿಸಿಯಾಗೇ ಇತ್ತು, ಆದ್ರೆ ಉಪ್ಪೂ ಇಲ್ಲ ಖಾರಾನೂ ಇಲ್ಲ. ಎಕಾನಮಿಯವರಿಗೆ ಅಂತ ಬೇಕಂತಲೇ ಹೀಗೆ ಮಾಡ್ತಾರಾ?

ಉತ್ತರ: ಇಲ್ಲ, ಇದರಲ್ಲಿ ಅರ್ಧ ನಿಮ್ಮ ಮೂಗಿನ ಕೆಲಸ. ಕ್ಯಾಬಿನ್ ಗಾಳೀಲಿ ತೇವಾಂಶ ಶೇ. 20ಕ್ಕಿಂತ ಕಮ್ಮಿ ಇರುತ್ತೆ, ಒತ್ತಡ ಆರರಿಂದ ಎಂಟು ಸಾವಿರ ಅಡಿ ಎತ್ತರದ ಬೆಟ್ಟದ ಮೇಲೆ ಕೂತ ಹಾಗಿರುತ್ತೆ. ಮೂಗು ಒಣಗಿ ವಾಸನೆ ಗೊತ್ತಾಗಲ್ಲ, ವಾಸನೆ ಇಲ್ಲದೇ ರುಚಿ ಎಲ್ಲಿಂದ ಬರ್ಬೇಕು? ಲುಫ್ತಾನ್ಸಾದವರು ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆಯವರ ಹತ್ರ ಇದನ್ನೇ ಪರೀಕ್ಷೆ ಮಾಡಿಸಿದ್ರು, ಉಪ್ಪು ಸಿಹಿ ಎರಡೂ ನಾಲಿಗೆಗೆ ಮಂದ ಆಗುತ್ತೆ, ಟೊಮ್ಯಾಟೊ ಜ್ಯೂಸ್ ಮಾತ್ರ ನೆಲಕ್ಕಿಂತ ಮೇಲೇ ಚೆನ್ನಾಗಿರುತ್ತೆ ಅಂತ ಗೊತ್ತಾಯ್ತು. ಆದ್ರೆ ಅನ್ನ ಗಟ್ಟಿ ಮುದ್ದೆ ಆಗಿತ್ತು ಅಂತ ಪತ್ರದ ಕೊನೇಲಿ ಬರ್ದಿದೀರಲ್ಲ, ಅದಕ್ಕೆ ಮೂಗು ಕಾರಣ ಅಲ್ಲ, ಅದನ್ನ ಏರ್‌ಲೈನ್‌ಗೆ ಬರೀರಿ.

ಪ್ರಶ್ನೆ: ಕನೆಕ್ಷನ್ ಫ್ಲೈಟ್ ಓಡಿ ಹಿಡಿದ್ವಿ, ನಾವು ಬಂದ್ವಿ, ಬ್ಯಾಗ್ ಬರ್ಲಿಲ್ಲ. ಕೌಂಟರ್‌ನಲ್ಲಿ ನಾಳೆ ಬರುತ್ತೆ ಮನೆಗೆ ಕಳಿಸ್ತೀವಿ ಹೋಗಿ ಅಂದ್ರು, ನಂಬ್ಕೊಂಡು ಹೊರಟ್ವಿ. ನಾಲ್ಕು ದಿನ ಆದ್ಮೇಲೆ ಬಂತು, ಒಂದು ಚಕ್ರ ಮುರಿದಿದೆ. ಈಗ ಫೋನ್ ಮಾಡಿದ್ರೆ ರೆಫರೆನ್ಸ್ ನಂಬರ್ ಕೊಡಿ ಅಂತಾರೆ, ನಮ್ಮ ಹತ್ರ ಏನೂ ಇಲ್ಲ.

ಉತ್ತರ: ಕೌಂಟರಲ್ಲಿದ್ದವರು ಬಾಯಲ್ಲಿ ಹೇಳಿ ಕಳಿಸಿದ್ದು ಸರಿಯಲ್ಲ, ಅಲ್ಲೇ ಪಿಐಆರ್ ಬರ್ಕೊಡಬೇಕಿತ್ತು. ಪ್ರಾಪರ್ಟಿ ಇರ್‍ರೆಗ್ಯುಲಾರಿಟಿ ರಿಪೋರ್ಟ್ ಅಂತಾರೆ, ಹತ್ತು ಅಕ್ಷರ-ಅಂಕಿಯ ಒಂದು ನಂಬರ್ ಇರುತ್ತೆ, ಮೊದಲ ಮೂರು ಏರ್‌ಪೋರ್ಟ್ ಕೋಡು, ಆಮೇಲೆ ಎರಡು ಏರ್‌ಲೈನ್ ಕೋಡು, ಉಳಿದ ಐದು ಅಂಕಿ. ವರ್ಲ್ಡ್‌ಟ್ರೇಸರ್ ಅನ್ನೋ ಸಿಸ್ಟಂನಲ್ಲಿ ಬ್ಯಾಗ್ ಎಲ್ಲಿದೆ ಅಂತ ಹುಡುಕೋದೇ ಆ ನಂಬರ್ ಹಿಡ್ಕೊಂಡು. ಬೆಲ್ಟ್ ಹತ್ರಾನೇ ಇರೋ ಬ್ಯಾಗೇಜ್ ಡೆಸ್ಕ್‌ನಲ್ಲಿ, ಹೊರಗೆ ಬರೋಕೆ ಮುಂಚೆ ಮಾಡಿಸ್ಬೇಕು, ಎಷ್ಟೇ ಸುಸ್ತಾಗಿರ್ಲಿ, ಹೊರಗೆ ಕಾಯ್ತಿರೋರು ಎಷ್ಟೇ ಸಲ ಫೋನ್ ಮಾಡ್ಲಿ.

ಈಗ್ಲೂ ಪೂರ್ತಿ ಕೈತಪ್ಪಿಲ್ಲ. ಹೆಚ್ಚಿನ ಅಂತರರಾಷ್ಟ್ರೀಯ ಪ್ರಯಾಣಕ್ಕೆ 1999ರ ಮಾಂಟ್ರಿಯಲ್ ಒಪ್ಪಂದ ಅನ್ವಯ ಆಗುತ್ತೆ. ಬ್ಯಾಗ್ ಹಾಳಾಗಿದ್ರೆ ಕೈಗೆ ಬಂದ 7 ದಿನದೊಳಗೆ, ತಡ ಆಗಿದ್ರೆ ಕೈಗೆ ಬಂದ 21 ದಿನದೊಳಗೆ ಬರವಣಿಗೇಲಿ ದೂರು ಕೊಡಬೇಕು. ಫೋನಲ್ಲಿ ಜಗಳ ಆಡಿದ್ದು ಲೆಕ್ಕಕ್ಕಿಲ್ಲ. ಚಕ್ರದ ಫೋಟೋ, ಬೋರ್ಡಿಂಗ್ ಪಾಸ್, ಚೆಕ್-ಇನ್ ಮಾಡ್ದಾಗ ಪಾಸ್ ಹಿಂದೆ ಅಂಟಿಸಿಕೊಟ್ಟ ಬಾರ್‌ಕೋಡ್ ಚೀಟಿ, ಆ ನಾಲ್ಕು ದಿನಕ್ಕೆ ಬೇಕೇಬೇಕಾಗಿ ಕೊಂಡ ಬಟ್ಟೆ ಸಾಮಾನಿನ ರಶೀದಿ, ಇಷ್ಟೂ ಹಾಕಿ ಮೇಲ್ ಮಾಡಿ, ಇವತ್ತೇ ಮಾಡಿ. ಎರಡು ಏರ್‌ಲೈನ್ ಇದ್ರೆ ಕೊನೇ ಫ್ಲೈಟಿನವರಿಗೆ ಬರೀರಿ, ಅವರು ಇವರ ಮೇಲೆ ಹಾಕ್ತಾರೆ ಇವರು ಅವರ ಮೇಲೆ ಹಾಕ್ತಾರೆ, ಆದ್ರೆ ಕೊನೇಲಿ ಕರ್ಕೊಂಡು ಬಂದವರು ಹೊಣೆ ಇಲ್ಲ ಅನ್ನೋ ಹಾಗಿಲ್ಲ. ಪರಿಹಾರದ ಮಿತಿ 2024ರ ಡಿಸೆಂಬರ್ 28ರಿಂದ ಒಬ್ಬರಿಗೆ 1,519 ಎಸ್‌ಡಿಆರ್, ಅದು ಐಎಂಎಫ್‌ನ ಲೆಕ್ಕದ ಹಣ. ನೆನಪಿರ್ಲಿ, ಅದು ಗರಿಷ್ಠ ಮಿತಿ, ಎಲ್ರಿಗೂ ಅಷ್ಟು ಕೈಗೆ ಬರಲ್ಲ, ಆದ ನಷ್ಟ ತೋರಿಸ್ಬೇಕು. 'ಸಾಮಾನ್ಯ ಸವೆತ' ಅಂತ ಚಕ್ರಕ್ಕೆ ಮೊದಲನೇ ಉತ್ತರ ಬರಬಹುದು, ಅದನ್ನೇ ಕೊನೆ ಅಂದ್ಕೊಂಡು ಸುಮ್ಮನಾಗ್ಬೇಡಿ. ಕೋರ್ಟಿಗೆ ಹೋಗೋಕೆ ಎರಡು ವರ್ಷ ಟೈಮ್ ಇದೆ.

ಪ್ರಶ್ನೆ: ಮುಂದಿನ ಸೀಟಿನವರು ಹತ್ತಿದ ತಕ್ಷಣ ಪೂರ್ತಿ ಹಿಂದಕ್ಕೆ ಬಾಗಿಸಿದ್ರು, ಸ್ಕ್ರೀನ್ ನನ್ನ ಮೂಗಿಗೇ ಬಂತು. ಹೇಳಿದ್ದಕ್ಕೆ ನಂಗೆ ಹಕ್ಕಿದೆ ಅಂದ್ರು.

ಉತ್ತರ: ರಾತ್ರಿ ದೀಪ ಆರಿಸಿದ್ಮೇಲೆ ಬಾಗಿಸೋದಕ್ಕೆ ನಾನೂ ಬೇಡ ಅನ್ನಲ್ಲ, ಬಟನ್ ಕೊಟ್ಟಿರೋದೇ ಅದಕ್ಕೆ. ಆದ್ರೆ ಟೇಕಾಫ್, ಲ್ಯಾಂಡಿಂಗಲ್ಲಿ ನೆಟ್ಟಗೆ ಇರಲೇಬೇಕು, ಊಟದ ಹೊತ್ತಲ್ಲಿ ಕ್ರೂ ಹತ್ರ ಹೇಳಿದ್ರೆ ಅವರೇ ಬಂದು ಎತ್ತಿಸ್ತಾರೆ, ನೀವು ಜಗಳಕ್ಕೆ ಇಳೀಬೇಡಿ. ನಿಜವಾದ ಕೋಪ ಸೀಟು ಜೋಡಿಸಿದವರ ಮೇಲೆ ಬರಬೇಕು. ಬೋಯಿಂಗ್ 777ರಲ್ಲಿ ಒಂದು ಸಾಲಿಗೆ ಒಂಬತ್ತು ಸೀಟು ಇರ್ತಿತ್ತು, ಈಗ ಎಷ್ಟೋ ಏರ್‌ಲೈನ್‌ಗಳಲ್ಲಿ ಹತ್ತು, ವಿಮಾನ ಮಾತ್ರ ಅಷ್ಟೇ ಅಗಲ! ಮುಂದಿನ ಸಲ ಬುಕ್ ಮಾಡೋಕೆ ಮುಂಚೆ ಸೀಟ್ ಮ್ಯಾಪ್ ತೆಗ್ದು ಮೂರು-ಮೂರು-ಮೂರಾ, ಮೂರು-ನಾಲ್ಕು-ಮೂರಾ ನೋಡ್ಕೊಳ್ಳಿ, ದುಡ್ಡು ಒಂದೇ ಆದ್ರೆ 777ರಲ್ಲಿ ಮೊದಲನೇದು ವಾಸಿ.

ಪ್ರಶ್ನೆ: ಇಳಿದಾಗ ಅಮ್ಮನ ಕಾಲು ಊದ್ಕೊಂಡು ಚಪ್ಪಲಿ ಹಿಡೀಲಿಲ್ಲ. ಭಯ ಪಡ್ಬೇಕಾ?

ಉತ್ತರ: ಎರಡೂ ಪಾದ ಸಮವಾಗಿ ಊದಿ ಒಂದೆರಡು ದಿನದಲ್ಲಿ ಇಳಿದ್ರೆ ಸಾಮಾನ್ಯವಾಗಿ ಕೂತೇ ಇದ್ದಿದ್ದರ ಫಲ. ಒಂದೇ ಕಾಲು ಊದಿ, ಮೀನಖಂಡ ನೋವು, ಬಿಸಿ ಇದ್ರೆ ಅವತ್ತೇ ಡಾಕ್ಟ್ರಿಗೆ ತೋರ್ಸಿ. ಜೊತೆಗೆ ಉಸಿರು ಕಟ್ಟಿದ್ರೆ, ಎದೆ ನೋವಿದ್ರೆ ಸೀದಾ ಎಮರ್ಜೆನ್ಸಿಗೆ ಹೋಗಿ. ನಾಲ್ಕು ಗಂಟೆಗಿಂತ ಜಾಸ್ತಿ ಅಲ್ಲಾಡದೇ ಕೂತ್ರೆ ರಕ್ತ ಹೆಪ್ಪುಗಟ್ಟೋ ಅಪಾಯ ಸುಮಾರು ಎರಡು ಪಟ್ಟು ಆಗುತ್ತೆ ಅಂತ ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಹೇಳಿದೆ, ಆದ್ರೂ ಅದು ಸುಮಾರು 6,000 ಜನರಲ್ಲಿ ಒಬ್ಬರಿಗೆ. ಅಮ್ಮನಿಗೆ ಐಲ್ ಸೀಟು ತಗೊಳ್ಳಿ, ಏಳುವಾಗ ಪಕ್ಕದವರನ್ನ ಎಬ್ಬಿಸ್ಬೇಕಲ್ಲಾ ಅನ್ನೋ ಸಂಕೋಚಕ್ಕೇ ಎಷ್ಟೋ ಜನ ಎದ್ದೇಳಲ್ಲ.