ದೇಶ ಬಿಟ್ಟು ಬಂದ ಕಲಾವಿದರು ಮತ್ತೆ ಕಲೆಯಿಂದಲೇ ಬದುಕಬಹುದೇ?

ಬದುಕಬಹುದು. ಆದರೆ ಮೊದಲು ಭಾಷೆ ಕಲಿತು, ಬೇರೆ ಕೆಲಸ ಹಿಡಿದು, ಆಮೇಲೆ ಕಲೆಯ ಕಡೆ ಬರುವುದೇ ಸರಿ ಅಲ್ವಾ ಎಂದು ಕೇಳಿದ್ದೀರಿ. ಇದನ್ನು ನಾನು ಒಪ್ಪುವುದಿಲ್ಲ. ಆ 'ಆಮೇಲೆ' ಬಹಳ ಜನಕ್ಕೆ ಬರುವುದೇ ಇಲ್ಲ. ಭಾಷೆ ಬೇಕು, ಹೊಟ್ಟೆಪಾಡಿನ ಕೆಲಸವೂ ಬೇಕು. ಆದರೆ ಕಲೆ ಅವುಗಳ ಜೊತೆಗೇ ಸಾಗಬೇಕು.

ನಾನು ಜರ್ಮನಿಯಲ್ಲಿ ಇಂಥ ಕಲಾವಿದರಿಗೆ ಅರ್ಜಿ ಬರೆಯಲು ನೆರವಾಗುತ್ತೇನೆ. ಮನೆ, ವಾದ್ಯ, ಸ್ಟುಡಿಯೊ ಹೋದದ್ದು ಎಲ್ಲರಿಗೂ ಕಾಣುತ್ತದೆ. ನನ್ನ ಪ್ರಕಾರ ಅದಕ್ಕಿಂತ ದೊಡ್ಡ ನಷ್ಟ, 'ಅವರ ಕೆಲಸ ನನಗೆ ಗೊತ್ತು, ಅವರನ್ನೇ ಕರೆಯಿರಿ' ಎನ್ನುವ ಜನ ಇಲ್ಲವಾಗುವುದು. ಹಾಗಾಗಿ ಮೊದಲು ಹುಡುಕಬೇಕಾದದ್ದು ಅದೇ ಕಲೆಯ ಇಬ್ಬರು ಮೂವರು ಸ್ಥಳೀಯರನ್ನು.

ಅಫ್ಘಾನಿಸ್ತಾನದ ರಾಷ್ಟ್ರೀಯ ಸಂಗೀತ ಸಂಸ್ಥೆಯನ್ನು ನೋಡಿ. 2021ರಲ್ಲಿ ತಾಲಿಬಾನ್ ಕಾಬೂಲ್ ಹಿಡಿದ ಮೇಲೆ ಸಂಸ್ಥೆಯ 273 ಜನ ಪೋರ್ಚುಗಲ್‌ಗೆ ಒಟ್ಟಾಗಿ ಬಂದರು. 2024ರಲ್ಲಿ ಅವರ ಯುವ ವಾದ್ಯವೃಂದ ನ್ಯೂಯಾರ್ಕ್‌ನ ಕಾರ್ನೆಗಿ ಹಾಲ್‌ನಲ್ಲಿ ನುಡಿಸಿತು. ಒಬ್ಬೊಬ್ಬರೂ ಒಂದೊಂದು ದೇಶಕ್ಕೆ ಚದುರಿದ್ದರೆ ಇದು ಆಗುತ್ತಿತ್ತು ಎಂದು ನನಗೆ ಅನಿಸುವುದಿಲ್ಲ. ಒಂಟಿಯಾಗಿ ಬಂದವರ ದಾರಿ ಬೇರೆ. ಸಿರಿಯಾದ ಚಿತ್ರಕಾರ ತಮ್ಮಾಮ್ ಅಝ್ಝಾಮ್ 2011ರಲ್ಲಿ ದುಬೈಗೆ ಹೋದಾಗ ಸ್ಟುಡಿಯೊ ಇರಲಿಲ್ಲ, ಕಂಪ್ಯೂಟರ್‌ನಲ್ಲೇ ಚಿತ್ರ ಮಾಡತೊಡಗಿದರು. ಗುಂಡೇಟು ತಿಂದ ಗೋಡೆಯ ಮೇಲೆ ಆಸ್ಟ್ರಿಯಾದ ಚಿತ್ರಕಾರ ಕ್ಲಿಮ್ಟ್‌ನ ಪ್ರಸಿದ್ಧ ಚುಂಬನದ ಚಿತ್ರ ಕೂಡಿಸಿದ ಅವರ ಕೃತಿ 2013ರಲ್ಲಿ ಜಗತ್ತೆಲ್ಲ ಹರಡಿತು.

ನೆರವು ಎಲ್ಲಿ ಸಿಗುತ್ತದೆ? ನಾರ್ವೆಯಿಂದ ನಡೆಯುವ ಐಕಾರ್ನ್ ಜಾಲದ ನಗರಗಳು ಅಪಾಯದಲ್ಲಿರುವ ಬರಹಗಾರರಿಗೆ, ಕಲಾವಿದರಿಗೆ ಸಾಮಾನ್ಯವಾಗಿ ಎರಡು ವರ್ಷ ಆಸರೆ ಕೊಡುತ್ತವೆ. ಪ್ಯಾರಿಸ್‌ನಲ್ಲಿ ದೇಶಭ್ರಷ್ಟ ಕಲಾವಿದರಿಗೆಂದೇ 2017ರಿಂದ ಒಂದು ಅಟೆಲಿಯೆ, ಅಂದರೆ ಕೆಲಸ ಮಾಡುವ ಸ್ಟುಡಿಯೊ, ಇದೆ. ಜರ್ಮನಿಯಲ್ಲಿ ಸ್ವತಂತ್ರ ಕಲಾವಿದರು ಕೆಎಸ್‌ಕೆ (ಕಲಾವಿದರ ಸಾಮಾಜಿಕ ವಿಮಾ ನಿಧಿ) ಸೇರಿದರೆ ಆರೋಗ್ಯ ವಿಮೆ, ಪಿಂಚಣಿ ಕಂತಿನ ಸುಮಾರು ಅರ್ಧ ಮಾತ್ರ ಕಟ್ಟಬೇಕು. ಇದು ತುಂಬ ಜನಕ್ಕೆ ಗೊತ್ತೇ ಇಲ್ಲ!

ಅರ್ಜಿಯಲ್ಲಿ ನಿಮ್ಮ ಕೆಲಸ ತೋರಿಸಲು ಹಳೆಯ ಪೋಸ್ಟರ್, ರೆಕಾರ್ಡಿಂಗ್, ಫೋಟೊ ಏನೇ ಉಳಿದಿರಲಿ, ದಿನಾಂಕ ಬರೆದು ಜೋಡಿಸಿಡಿ. ಫೋನ್‌ನಲ್ಲಿ ತೆಗೆದದ್ದಾದರೂ ಪರವಾಗಿಲ್ಲ. ಬೇರೆ ಬೇರೆ ದೇಶ ಸೇರಿದ ಹಳೆಯ ಸಹಕಲಾವಿದರಿಂದ ನಿಮ್ಮ ಕೆಲಸದ ಬಗ್ಗೆ ಪತ್ರ ಬರೆಸಿಕೊಳ್ಳಿ.

ಇನ್ನೊಂದು ಮಾತು. ಆಯೋಜಕರು ಪದೇ ಪದೇ ಕೇಳುವುದು ತಪ್ಪಿಸಿಕೊಂಡು ಬಂದ ಕಥೆಯನ್ನೇ. ಅದರಿಂದ ಮೊದಲ ಕಾರ್ಯಕ್ರಮ ಸಿಗಬಹುದು. ಅಷ್ಟಕ್ಕೇ ಕರೆದವರು ಎರಡನೇ ಸಲ ಕರೆಯುವುದು ಕಡಿಮೆ. ಹೇಳಲು ಮನಸ್ಸಿಲ್ಲದಿದ್ದರೆ ಹೇಳಬೇಡಿ, ಆ ಹಕ್ಕು ನಿಮ್ಮದು. ಅರ್ಜಿಯಲ್ಲಿ ಆ ಕಥೆಗೆ ಎರಡು ಸಾಲು ಸಾಕು, ಉಳಿದ ಪುಟವೆಲ್ಲ ನಿಮ್ಮ ಕೆಲಸದ ಬಗ್ಗೆ ಇರಲಿ.