ನೀಲಾಂಬರಿಯೋ ಶಿವರಂಜನಿಯೋ ಆಮೇಲೆ. ಮೊದಲು ಇಯರ್‌ಫೋನ್ ತೆಗೆಯಿರಿ

ಅಮ್ಮನಿಗೆ ಇನ್ನು ಕೆಲವೇ ದಿನ ಅಂದಿದ್ದಾರೆ, ಕೊನೆಯ ಗಳಿಗೆಗೆ ಒಂದೇ ಒಂದು ಹಾಡು ಆರಿಸಬೇಕು, ನೀಲಾಂಬರಿ ರಾಗ ಸರಿಯೋ ಶಿವರಂಜನಿಯೋ ಅಂತ ಕೇಳಿದ್ದೀರಿ. ಅಪ್ಪನ ಮಂಚದ ಪಕ್ಕ ಕೂತು ನಾನೂ ಇದೇ ಲೆಕ್ಕ ಹಾಕಿದ್ದೆ. ರಾಗದಲ್ಲಿ ತಪ್ಪಾಗಲಿಲ್ಲ. ತಪ್ಪಾದದ್ದು ಇಯರ್‌ಫೋನಿನಲ್ಲಿ.

ಅಪ್ಪನಿಗೆ ಶ್ರವಣಯಂತ್ರ ಇತ್ತು. ಮಗ್ಗುಲಾಗಿ ಮಲಗಿದಾಗ ಅದು ಕುಯ್ಯೋ ಎನ್ನುತ್ತಿತ್ತು, ತೆಗೆದು ಡಬ್ಬಿಗೆ ಹಾಕಿದೆವು. ಆಕ್ಸಿಜನ್ ಯಂತ್ರದ ಸದ್ದಿಗೆ ಹಾಡು ಕೇಳುವುದಿಲ್ಲವೆಂದು ರಬ್ಬರ್ ತುದಿಯ ಇಯರ್‌ಫೋನ್ ಎರಡೂ ಕಿವಿಗೆ ಇಟ್ಟೆ. ಹಾಡು ಚೆನ್ನಾಗಿಯೇ ಕೇಳಿಸಿರಬೇಕು. ಆದರೆ ಅದೇ ಹೊತ್ತಿಗೆ ನಮ್ಮಮ್ಮ ಪಕ್ಕದಲ್ಲಿ ಕೂತು, ನಲವತ್ತು ವರ್ಷದಲ್ಲಿ ಆಡದೆ ಉಳಿದ ಮಾತನ್ನೆಲ್ಲ ಮೆಲ್ಲಗೆ ಆಡುತ್ತಿದ್ದಳು. ಒಂದೂ ಒಳಗೆ ಹೋಗಿರಲಾರದು.

ಯಾಕೆ ಅಂತ ಬಿಡಿಸಿ ಹೇಳುತ್ತೇನೆ, ಯಾಕಂದರೆ ಎಲ್ಲರೂ ಇಲ್ಲೇ ಎಡವುತ್ತಾರೆ. ಸಾಮಾನ್ಯ ಮಾತು ಸುಮಾರು 60 ಡೆಸಿಬಲ್, ಪಿಸುಮಾತು 30ರ ಆಸುಪಾಸು. ರಬ್ಬರ್ ತುದಿ ಸರಿಯಾಗಿ ಕೂತರೆ ಹೊರಗಿನ ಸದ್ದಿನಲ್ಲಿ 20 ಡೆಸಿಬಲ್‌ನಷ್ಟು ತಿಂದುಬಿಡುತ್ತದೆ. ಅದರ ಮೇಲೆ ಹಾಡಿನ ಸದ್ದು ಬೇರೆ. ಇನ್ನು ವಯಸ್ಸಾದವರ ಕಿವಿ ಮೊದಲು ಕಳೆದುಕೊಳ್ಳುವುದೇ ಹೆಚ್ಚು ಕಂಪನದ, ಕೀರಲು ಸದ್ದುಗಳನ್ನು; ಸ, ಶ, ತ, ಚ ಇವೆಲ್ಲ ಇರುವುದು ಅಲ್ಲೇ. ಸ್ವರ ಉಳಿಯುತ್ತದೆ, ವ್ಯಂಜನ ಹೋಗುತ್ತದೆ. ತಂಬೂರಿಯ ಗುಂಯ್ ಎನ್ನುವ ನಾದ ಕೇಳಿಸುವ ಕಿವಿಗೆ ಹೆಂಡತಿಯ ಮೆಲುಮಾತು ಬರೀ ಗಾಳಿ. ಅಂದರೆ ನಾನು ಹಾಡು ಹಾಕಿರಲಿಲ್ಲ, ಅಪ್ಪನಿಗೂ ಮನೆಯವರಿಗೂ ನಡುವೆ ಬಾಗಿಲು ಹಾಕಿದ್ದೆ.

ಹಾಗಾಗಿ ನೇರವಾಗಿ ಹೇಳುತ್ತೇನೆ: ಕೊನೆಯ ಗಳಿಗೆಗೆ ಒಂದು ಹಾಡು ಅನ್ನುವ ಯೋಚನೆಯನ್ನೇ ಬಿಡಿ. ಆ ಗಳಿಗೆ ಯಾವುದೆಂದು ಮುಂಚೆ ಯಾರಿಗೂ ಗೊತ್ತಾಗುವುದಿಲ್ಲ. ಕೈಕಾಲು ತಣ್ಣಗಾಗಿ, ಉಸಿರಿನ ಲಯ ಬದಲಾದ ಮೇಲೂ ಕೆಲವು ಗಂಟೆ ಆಗಬಹುದು, ಎರಡು ಮೂರು ದಿನವೂ ಆಗಬಹುದು. ಒಂದೇ ಹಾಡನ್ನು ಅಷ್ಟು ಹೊತ್ತು ಸುತ್ತಿಸಿದರೆ ಮನೆಯಲ್ಲಿ ಉಳಿದವರು ಮುಂದೆ ಜನ್ಮದಲ್ಲಿ ಅದನ್ನು ಕೇಳಲಾರರು. ನೀವು ಆರಿಸಬೇಕಾದ್ದು ಆ ಕೋಣೆಯ ಸದ್ದನ್ನು, ಮೌನವನ್ನೂ ಸೇರಿಸಿ.

ಕೇಳಿಸುತ್ತದೆಯೇ ಅನ್ನುವ ಅನುಮಾನವೂ ಇರಬಹುದು. 2020ರಲ್ಲಿ ಪ್ರಕಟವಾದ ಅಧ್ಯಯನಕ್ಕಾಗಿ ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದವರು ವ್ಯಾಂಕೂವರ್‌ನ ಹಾಸ್ಪೈಸ್ (ಕೊನೆಗಾಲದ ಆರೈಕೆಯ ಮನೆ) ಒಂದರಲ್ಲಿ, ಸ್ಪಂದನೆ ನಿಂತುಹೋದ ರೋಗಿಗಳ ಮಿದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸಿದರು. ಸ್ವರಗಳ ಸಾಲು ನಡುವೆ ಬದಲಾದಾಗ ಕೆಲವರ ಮಿದುಳು ಆರೋಗ್ಯವಂತರ ಮಿದುಳಿನ ಹಾಗೆಯೇ ಸ್ಪಂದಿಸಿತು. ಅರ್ಥ ಆಗುತ್ತಿತ್ತು ಅಂತ ಅದರಿಂದ ಹೇಳಲಾಗದು. ಆದರೂ ಕೇಳಿಸುತ್ತಿದೆ ಎಂದೇ ನಡೆದುಕೊಳ್ಳಿ. ಆಸ್ತಿ ಪಾಲಿನ ಮಾತು ಜಗಲಿಯಲ್ಲಿ ಆಗಲಿ.

ನಿಮ್ಮಮ್ಮ ಇನ್ನೂ ಮಾತಾಡುತ್ತಿದ್ದರೆ ಇವತ್ತೇ ಕೇಳಿ. ‘ಯಾವ ಹಾಡು ಇಷ್ಟ’ ಅಂದರೆ ಮಕ್ಕಳಿಗೆ ಹಿತವಾಗುವ ಉತ್ತರ ಕೊಡುತ್ತಾರೆ. ‘ಯಾವುದು ಬೇಡ’ ಅಂತಲೂ ಕೇಳಿ. ಮಾತು ನಿಂತಿದ್ದರೆ ಅವರ ಹತ್ತರಿಂದ ಇಪ್ಪತ್ತೈದರ ವಯಸ್ಸಿನಲ್ಲಿ ರೇಡಿಯೋದಲ್ಲಿ, ಭಜನೆಮನೆಯಲ್ಲಿ, ಬೀಸುವ ಕಲ್ಲಿನ ಮುಂದೆ ಏನಿತ್ತು ಅಂತ ಅವರ ತಂಗಿಯನ್ನೋ ಅತ್ತಿಗೆಯನ್ನೋ ವಿಚಾರಿಸಿ. ಗಟ್ಟಿಯಾಗಿ ಉಳಿಯುವುದು ಆ ಕಾಲದ ನೆನಪು. ಶಿವರಂಜನಿ ಕೇಳಿದರೆ ನಿಮಗೆ ಕಣ್ಣೀರು ಬರಬಹುದು, ಆದರೆ ಅವರ ಮನೆಯಲ್ಲಿ ಇದ್ದದ್ದು ಡೊಳ್ಳಿನ ಪದವಾದರೆ ಅದು ನಿಮ್ಮ ದುಃಖಕ್ಕೆ ಹಾಕಿಕೊಂಡ ಹಾಡು.

ಇನ್ನು ಉಸಿರು. ಕೊನೆಕೊನೆಗೆ ಅದು ಏರುತ್ತ ಏರುತ್ತ ಹೋಗಿ, ಇಳಿದು, ಹತ್ತಿಪ್ಪತ್ತು ಸೆಕೆಂಡು ಪೂರ್ತಿ ನಿಂತು, ಮತ್ತೆ ಶುರುವಾಗುವುದುಂಟು. ಇದಕ್ಕೆ ಯಾವ ತಾಳವೂ ಹೊಂದುವುದಿಲ್ಲ. ತಾಳವಿಲ್ಲದ ಆಲಾಪನೆ, ಬರೀ ತಂಬೂರಿ, ಇಲ್ಲವೇ ಪಕ್ಕವಾದ್ಯವಿಲ್ಲದೆ ನೀವೇ ಹಾಡುವ ದೇವರನಾಮ ಸಾಕು. ಅಮೆರಿಕದಲ್ಲಿ ಥೆರೀಸ್ ಶ್ರೋಡರ್-ಶೇಕರ್ ಎಂಬಾಕೆ ಹಾರ್ಪ್ ಹಿಡಿದು ಇದನ್ನೇ ಒಂದು ವೃತ್ತಿಯಾಗಿ ಬೆಳೆಸಿದರು. ಅಲ್ಲಿ ವಾದ್ಯ ರೋಗಿಯ ಉಸಿರನ್ನು ಹಿಂಬಾಲಿಸುತ್ತದೆ, ಮುನ್ನಡೆಸುವುದಿಲ್ಲ. ರೆಕಾರ್ಡಿಂಗ್‌ಗೆ ಆ ಶಕ್ತಿ ಇಲ್ಲ, ನಿಮ್ಮ ಗಂಟಲಿಗಿದೆ. ಶ್ರುತಿ ತಪ್ಪಿದರೂ ಪರವಾಗಿಲ್ಲ, ತಗ್ಗಿನ ಶ್ರುತಿಯಲ್ಲಿ ಹಾಡಿ, ಉಸಿರು ನಿಂತ ಕಡೆ ನೀವೂ ನಿಲ್ಲಿಸಿ.

ರೆಕಾರ್ಡಿಂಗೇ ಆಗಬೇಕಾದರೆ ಸಂಗೀತ ಕಚೇರಿಯಲ್ಲಿ ಮುದ್ರಿಸಿದ್ದು ಬೇಡ, ಆಲಾಪನೆ ಮುಗಿದ ಕೂಡಲೇ ಚಪ್ಪಾಳೆ ಸಿಡಿಯುತ್ತದೆ. ಸಿಮ್ ಇಲ್ಲದ ಹಳೆಯ ಫೋನಿಗೆ ಹಾಡುಗಳನ್ನು ಇಳಿಸಿಟ್ಟು, ಏರೋಪ್ಲೇನ್ ಮೋಡ್ ಹಾಕಿ, ಪಟ್ಟಿ ಮುಗಿದ ಮೇಲೆ ತಾನಾಗಿ ನಿಲ್ಲುವಂತೆ ಮಾಡಿ. ಚಿಕ್ಕ ಸ್ಪೀಕರ್ ಸಾಕು: ಮಂಚದಿಂದ ಒಂದು ಮೀಟರ್ ದೂರ, ಮೇಲ್ಮುಖವಾಗಿರುವ ಕಿವಿಯ ಕಡೆಗೆ. ಮಗ್ಗುಲು ಬದಲಿಸಿದಾಗಲೆಲ್ಲ ಸ್ಪೀಕರೂ ಜಾಗ ಬದಲಿಸಬೇಕು. ನಿಮ್ಮ ತಲೆಯನ್ನು ಅವರ ದಿಂಬಿನ ಪಕ್ಕ ಇಟ್ಟು ಕೇಳಿ. ಅಲ್ಲಿಂದ ಇನ್ನೊಬ್ಬರ ಮಾತು ಸಲೀಸಾಗಿ ತಿಳಿಯದಿದ್ದರೆ ಸದ್ದು ಹೆಚ್ಚಾಯಿತು. ಆಕ್ಸಿಜನ್ ಯಂತ್ರವನ್ನು ಗಾಳಿಯಾಡುವ ಪಕ್ಕದ ಕೋಣೆಗೆ ಸರಿಸಬಹುದೇ, ಅಷ್ಟು ಉದ್ದದ ಕೊಳವೆ ನಡೆಯುತ್ತದೆಯೇ ಅಂತ ನರ್ಸ್ ಹತ್ತಿರ ಕೇಳಿ. ಆ ಗುರ್ ಸದ್ದು ಹೋದರೆ ಅರ್ಧ ಕೆಲಸ ಆದಂತೆ.

ಹಾಡು ಹಾಕುವ ಮುಂಚೆ ಒಂದು ನಿಮಿಷದ ಉಸಿರು ಎಣಿಸಿ, ಹಾಕಿ ಐದು ನಿಮಿಷ ಬಿಟ್ಟು ಮತ್ತೆ ಎಣಿಸಿ. ಲೆಕ್ಕ ಏರಿದರೆ, ಹುಬ್ಬು ಗಂಟಿಕ್ಕಿದರೆ, ಬೆರಳು ಬಿಗಿದರೆ ನಿಲ್ಲಿಸಿಬಿಡಿ, ಎಷ್ಟೇ ಇಷ್ಟದ ಹಾಡಾಗಿರಲಿ. ಹಿತವಾಗಿದ್ದರೂ ಇಪ್ಪತ್ತು ಮೂವತ್ತು ನಿಮಿಷ ಸಾಕು, ಆಮೇಲೆ ಒಂದು ಗಂಟೆ ಏನೂ ಬೇಡ. ದೊಡ್ಡಪ್ಪ ಬಂದು ವಿಷ್ಣು ಸಹಸ್ರನಾಮವೇ ಆಗಬೇಕು ಅಂತ ಹಟ ಹಿಡಿದರೆ ಬೆಳಗ್ಗೆ ಒಂದು ಸಲ ಅವರೇ ಕೂತು ಹೇಳಲಿ, ಜಗಳ ಮಾಡಬೇಡಿ. ತಾಳ, ಹಾರ್ಮೋನಿಯಂ ಹಿಡಿದು ಭಜನಾ ಮಂಡಳಿ ಬರುವುದೆಲ್ಲ ಆಮೇಲಿನ ಮಾತು.

ಅಮ್ಮನಿಗೆ ಶ್ರವಣಯಂತ್ರ ಇದ್ದರೆ ತೆಗೆಯಬೇಡಿ. ಅದು ಕುಯ್ಯೋ ಎನ್ನುವುದು ದಿಂಬು ಒತ್ತಿ ಸದ್ದು ಮತ್ತೆ ಅದರ ಮೈಕಿಗೇ ಹೋಗುವುದರಿಂದ. ದಿಂಬು ಕಿವಿಗೆ ತಾಗದಂತೆ ಟವೆಲ್ ಸುರುಳಿ ಮಾಡಿ ಕೆನ್ನೆಯ ಕೆಳಗೆ ಇಡಿ. ಕೆಳಗಿನ ಕಿವಿಯದ್ದನ್ನು ತೆಗೆದರೂ ಮೇಲಿನದ್ದು ಇರಲಿ. ಬಟನ್ ಸೆಲ್ ಹಾಕುವ ಯಂತ್ರವಾದರೆ ಸೆಲ್ಲಿನ ಸ್ಟಿಕರ್ ಕಿತ್ತ ದಿನದಿಂದಲೇ ಅದು ಸವೆಯತೊಡಗುತ್ತದೆ, ಹೊಸ ಸೆಲ್ಲುಗಳ ಒಂದು ಪ್ಯಾಕ್ ಇವತ್ತು ಸಂಜೆಯೊಳಗೆ ತಂದಿಟ್ಟುಕೊಳ್ಳಿ.